ನಿಂಬೆಹಣ್ಣು, ಅಡುಗೆ ಸೋಡಾ ಬೆರೆಸಿ ತಿಕ್ಕಿದರೆ ಕಾಫಿ ಮಷೀನ್ ಹೊಸದರಂತೆ ಆಗುತ್ತದೆಯೇ?

‘ನಿಂಬೆರಸಕ್ಕೆ ಒಂದು ಚಮಚ ಅಡುಗೆ ಸೋಡಾ, ಚಿಟಿಕೆ ಉಪ್ಪು ಹಾಕಿ. ನೊರೆ ಬಂದ ಕೂಡಲೇ ಕೆಟಲ್, ಗೀಸರ್, ಕಾಫಿ ಮಷೀನ್‌ಗೆ ಹಚ್ಚಿ ತಿಕ್ಕಿ. ಎಂಥ ಕಲೆಯಾದರೂ ಮಾಯ!’ ಇಂಥ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಇದು ನಿಜವೇ?

ಅರ್ಧ ನಿಜ. ನಿಂಬೆಯೂ ಕೆಲಸ ಮಾಡುತ್ತದೆ, ಸೋಡಾವೂ ಕೆಲಸ ಮಾಡುತ್ತದೆ. ಆದರೆ ಎರಡನ್ನೂ ಬೆರೆಸಿದರೆ ಎರಡರ ಕೆಲಸವೂ ಕೆಡುತ್ತದೆ.

ಯಾದಗಿರಿ, ಶಹಾಪುರ, ಸುರಪುರ ಕಡೆ ಮನೆಮನೆಯಲ್ಲಿ ಕಾಣುವುದು ಚಹಾ. ಎಸ್ಪ್ರೆಸೊ ಕಾಫಿ ಮಷೀನ್ ಇಟ್ಟುಕೊಂಡವರು ಕಡಿಮೆಯೇ. ಆದರೆ ನೀರು ಕಾಯಿಸುವ ಯಾವ ಲೋಹಕ್ಕೂ ಇಲ್ಲಿ ಕಾಟ ಒಂದೇ: ಬೋರ್ ನೀರು ಬಿಟ್ಟುಹೋಗುವ ಬಿಳಿ ಪದರ. ಶಹಾಪುರ ತಾಲೂಕಿನ ಗೋಗಿ ಸುತ್ತಮುತ್ತ ನೆಲದಡಿ ಭೀಮಾ ಕಣಿವೆಯ ಸುಣ್ಣಕಲ್ಲು ಇದೆ. ಅಂಥ ಕಲ್ಲಿನ ನಡುವೆ ಹರಿದ ಅಂತರ್ಜಲ ಕ್ಯಾಲ್ಸಿಯಂ ಕರಗಿಸಿಕೊಂಡೇ ಮೇಲೆ ಬರುತ್ತದೆ. ಈ ನೀರನ್ನು ಕಾಯಿಸಿದಾಗ ಅದರಲ್ಲಿ ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಲೋಹಕ್ಕೆ ಅಂಟುತ್ತದೆ. ಅಂದರೆ ಸುಣ್ಣಕಲ್ಲೇ ಮತ್ತೆ ನಿಮ್ಮ ಕೆಟಲ್‌ನಲ್ಲಿ ಹುಟ್ಟುತ್ತದೆ. ಸೋಪು ಹಾಕಿ ಎಷ್ಟು ತಿಕ್ಕಿದರೂ ಅದು ಜಗ್ಗುವುದಿಲ್ಲ. ಅದಕ್ಕೆ ಬೇಕಾದದ್ದು ಹುಳಿ.

ಈಗ ನೊರೆಯ ವಿಷಯ. ನಿಂಬೆಯ ಹುಳಿ, ಅಂದರೆ ಸಿಟ್ರಿಕ್ ಆಮ್ಲ, ಬಿಳಿ ಪದರಕ್ಕೆ ತಾಗಿದಾಗ ಕಾರ್ಬನ್ ಡೈಆಕ್ಸೈಡ್ ಗುಳ್ಳೆ ಏಳುತ್ತವೆ, ಪದರ ಕರಗುತ್ತದೆ. ಸೋಡಾಕ್ಕೆ ತಾಗಿದಾಗಲೂ ಏಳುವುದು ಅದೇ ಗುಳ್ಳೆ. ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತವೆ, ಮೋಸ ಆಗುವುದು ಇಲ್ಲೇ. ಒಂದು ಟೀ ಚಮಚ ಸೋಡಾ ಹೆಚ್ಚುಕಡಿಮೆ ಎರಡು ನಿಂಬೆಹಣ್ಣಿನ ಹುಳಿಯನ್ನು ಪೂರ್ತಿ ನುಂಗಿಬಿಡುತ್ತದೆ. ಬಟ್ಟಲಲ್ಲಿ ಭರ್ರನೆ ನೊರೆ ಬಂದಾಗ ಹುಳಿಯ ಶಕ್ತಿ ಅಲ್ಲೇ ಖರ್ಚಾಗಿರುತ್ತದೆ. ನೀವು ಮಷೀನ್‌ಗೆ ಹಚ್ಚುವುದು ಸೋಡಿಯಂ ಸಿಟ್ರೇಟ್ ಎಂಬ ಲವಣದ ನೀರು, ಜೊತೆಗೆ ಕರಗದೆ ಉಳಿದ ಸೋಡಾ ಪುಡಿ. ಕಲೆ ಸ್ವಲ್ಪ ಹೋದರೆ ಅದು ನಿಮ್ಮ ಕೈಯ ತಿಕ್ಕಾಟದಿಂದ.

ಬಿಳಿ ಪದರಕ್ಕೆ ಸುಲಭ ದಾರಿ ಇದೆ. ಕಿರಾಣಿ ಅಂಗಡಿಯಲ್ಲಿ ‘ನಿಂಬೆ ಉಪ್ಪು’ ಎಂದು ಸಿಗುವ ಹರಳು ಶುದ್ಧ ಸಿಟ್ರಿಕ್ ಆಮ್ಲವೇ. ಸ್ಟೀಲ್ ಕೆಟಲ್‌ಗಾದರೆ ಒಂದು ಲೀಟರ್ ಬೆಚ್ಚಗಿನ ನೀರಿಗೆ ಎರಡು ಟೀ ಚಮಚ ಹಾಕಿ, ಅರ್ಧ ಗಂಟೆ ಬಿಟ್ಟು ತೊಳೆದರೆ ಸಾಕು. ಕುದಿಸಲು ಹೋಗಬೇಡಿ. ಇಲ್ಲಿ ಹುಟ್ಟುವ ಕ್ಯಾಲ್ಸಿಯಂ ಸಿಟ್ರೇಟ್ ಬಿಸಿ ಹೆಚ್ಚಾದಷ್ಟೂ ಕಡಿಮೆ ಕರಗುತ್ತದೆ, ಹಳೆ ಪದರ ಹೋಗಿ ಹೊಸದು ಕೂರಬಹುದು.

ಕಾಫಿ ಮಷೀನ್‌ನಲ್ಲಿ ಇನ್ನೊಂದು ಕಲೆಯಿದೆ, ಕಂದು ಬಣ್ಣದ್ದು. ಅದು ಕಾಫಿಯ ಎಣ್ಣೆ. ಪುಡಿ ತುಂಬುವ ಹಿಡಿಕೆಯ ಬಟ್ಟಲು, ಅದರ ಮೇಲಿನ ಜಾಲರಿ, ಇಲ್ಲೆಲ್ಲ ಒಣಗಿ ಕೂತು ಕಮಟು ವಾಸನೆ ಬರಿಸುತ್ತದೆ. ಇದಕ್ಕೆ ನಿಂಬೆ ಹಚ್ಚಿ ಪ್ರಯೋಜನವಿಲ್ಲ. ಬಿಚ್ಚಿ ತೆಗೆಯಬಹುದಾದ ಸ್ಟೀಲ್ ಭಾಗಗಳನ್ನು ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ನೆನೆಹಾಕಿ. ಸೋಡಾ ಇಲ್ಲಿ ಬೇಕಿದ್ದರೆ ಬಳಸಬಹುದು, ನಿಂಬೆ ಇಲ್ಲದೆ.

ಹಾಲು ನೊರೆ ಬರಿಸುವ ಹಬೆ ಕೊಳವೆಗೆ ಮಾತ್ರ ಯಾವ ಮದ್ದಿಗಿಂತಲೂ ಅವಸರವೇ ಮುಖ್ಯ. ಹಾಲಿನ ಪ್ರೋಟೀನ್ ಬಿಸಿ ಲೋಹದ ಮೇಲೆ ಬೆಂದು ಗಟ್ಟಿಯಾಗುತ್ತದೆ, ಹಾಲಿನ ಪಾತ್ರೆಯ ತಳ ಹಿಡಿದಂತೆ. ಹಾಲು ಕಾಯಿಸಿದ ಆ ಕ್ಷಣವೇ ಒದ್ದೆ ಬಟ್ಟೆಯಿಂದ ಒರೆಸಿ, ಒಂದೆರಡು ಸೆಕೆಂಡ್ ಹಬೆ ಬಿಟ್ಟರೆ ಒಳಗಿನ ಹಾಲೂ ಹೊರಬರುತ್ತದೆ. ಕೈ ಮಾತ್ರ ಜೋಪಾನ.

ಲೋಹ ಯಾವುದು ಎಂದು ನೋಡದೆ ಏನನ್ನೂ ಹಚ್ಚಬೇಡಿ. ಹಿತ್ತಾಳೆ ಚೊಂಬಿಗೆ ಹುಣಸೆಹಣ್ಣು ತಿಕ್ಕಿದವರಿಗೆ ಗೊತ್ತು, ಹುಳಿ ಅದನ್ನು ಹೊಳೆಯಿಸುತ್ತದೆ. ಆದರೆ ಹೆಚ್ಚು ಹೊತ್ತು ನೆನೆಸಿಟ್ಟರೆ ಹಿತ್ತಾಳೆಯೊಳಗಿನ ಸತು ಕರಗಿ ಮೇಲ್ಮೈ ಕೆಂಪಗಾಗುತ್ತದೆ. ಅಲ್ಯೂಮಿನಿಯಂ ಇನ್ನೂ ಸೂಕ್ಷ್ಮ. ಅದನ್ನು ಕಾಯುವ ಆಕ್ಸೈಡ್ ಪದರವನ್ನು ಹುಳಿಯೂ ಕರಗಿಸುತ್ತದೆ, ವಾಷಿಂಗ್ ಸೋಡಾದಂಥ ಕ್ಷಾರವೂ ಕರಗಿಸುತ್ತದೆ, ಪಾತ್ರೆ ಕಪ್ಪಾಗುತ್ತದೆ. ಅನೇಕ ಮಷೀನ್‌ಗಳ ಒಳಗೆ ನೀರು ಕಾಯುವ ಭಾಗ ಅಲ್ಯೂಮಿನಿಯಂನದೇ. ಹಾಗಾಗಿ ಒಳಗಿನ ಪದರ ತೆಗೆಯಲು ಕಂಪನಿಯ ಕೈಪಿಡಿ ಹೇಳಿದ್ದನ್ನು ಮಾತ್ರ ಬಳಸುವುದು ಒಳ್ಳೆಯದು. ಹೊರಮೈಯ ಕ್ರೋಮ್ ಲೇಪಕ್ಕೆ ಮೆತ್ತನೆ ಬಟ್ಟೆ ಸಾಕು. ತಂತಿ ಉಜ್ಜುಕ ಹಾಕಿದರೆ ಗೀರು ಬೀಳುತ್ತದೆ, ಆ ಗೀರಿನಿಂದಲೇ ತುಕ್ಕು ಶುರು. ಫಾರ್ವರ್ಡ್‌ನ ಉಪ್ಪಂತೂ ಬೇಡವೇ ಬೇಡ; ಸ್ಟೀಲಿನ ಮೇಲೆ ಉಳಿದರೆ ಸಣ್ಣ ಗುಳಿ ಬೀಳಿಸುತ್ತದೆ. ತೊಳೆಯುವ ಮುಂಚೆ ಪ್ಲಗ್ ತೆಗೆದು, ಮಷೀನ್ ಪೂರ್ತಿ ತಣ್ಣಗಾಗಲಿ.

ಇನ್ನು, ನಿಂಬೆಗೆ ಹೋಗದಿದ್ದರೆ ಟಾಯ್ಲೆಟ್ ಆ್ಯಸಿಡ್, ಅದಕ್ಕೂ ಹೋಗದಿದ್ದರೆ ಬ್ಲೀಚಿಂಗ್ ಪೌಡರ್ ಎನ್ನುವವರೂ ಇದ್ದಾರೆ. ಇದನ್ನು ದಯವಿಟ್ಟು ಯಾರಿಗೂ ಕಳಿಸಬೇಡಿ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಕೂಡಿದರೆ ಕ್ಲೋರಿನ್ ಅನಿಲ ಬರುತ್ತದೆ. 1915ರಲ್ಲಿ ಮೊದಲ ಮಹಾಯುದ್ಧದಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲ. ಕಿಟಕಿ ಮುಚ್ಚಿದ ಸಣ್ಣ ಅಡುಗೆಮನೆಯಲ್ಲಿ ಜೀವಕ್ಕೇ ಕುತ್ತು.

ಇದೇ ಬಿಳಿ ಪದರದ ಫೋಟೊ ಹಾಕಿ ‘ಈ ನೀರು ಕುಡಿದರೆ ಕಿಡ್ನಿಯಲ್ಲಿ ಕಲ್ಲು ಗ್ಯಾರಂಟಿ’ ಎನ್ನುವ ಸಂದೇಶವೂ ಓಡಾಡುತ್ತದೆ. ಕೆಟಲ್‌ನ ಪದರ ಅದಕ್ಕೆ ಸಾಕ್ಷಿಯಲ್ಲ. ಭಾರತೀಯ ಮಾನದಂಡದಲ್ಲಿ ಕುಡಿಯುವ ನೀರಿನ ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯಿದೆ, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ಒಪ್ಪುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯಂತೂ ಗಡಸುತನಕ್ಕೆ ಆರೋಗ್ಯದ ಕಾರಣದ ಮಿತಿಯನ್ನೇ ಇಟ್ಟಿಲ್ಲ.

ನಮಗೆ ಹೆಚ್ಚು ಚಿಂತೆ ಇದರ ಉಲ್ಟಾ ನಂಬಿಕೆಯದು: ಪದರ ಇಲ್ಲ, ಪಾತ್ರೆ ಹೊಳೆಯುತ್ತಿದೆ, ನೀರು ಕುದಿಸಿದ್ದೇವೆ, ಹಾಗಾದರೆ ನೀರು ಒಳ್ಳೆಯದು ಎನ್ನುವುದು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕೊಳವೆಬಾವಿ ನೀರಿನಲ್ಲಿ ಆರ್ಸೆನಿಕ್ ಪತ್ತೆಯಾಗಿತ್ತು, ಜನರಿಗೆ ಚರ್ಮದ ಕಾಯಿಲೆ ಬಂದಿತ್ತು. ಆರ್ಸೆನಿಕ್‌ಗೆ ಬಣ್ಣವಿಲ್ಲ, ರುಚಿಯಿಲ್ಲ, ಅದು ಪಾತ್ರೆಗೆ ಪದರ ಕಟ್ಟಿ ಎಚ್ಚರಿಸುವುದೂ ಇಲ್ಲ. ಫ್ಲೋರೈಡ್ ಕೂಡ ಹಾಗೆಯೇ. ಕುದಿಸಿದರೆ ರೋಗಾಣು ಸಾಯುತ್ತವೆ, ಇವೆರಡು ಹೋಗುವುದಿಲ್ಲ; ನೀರು ಆವಿಯಾದಷ್ಟೂ ಸ್ವಲ್ಪ ದಟ್ಟವಾಗುತ್ತವೆ. ಆರ್ಸೆನಿಕ್‌ಗೆ ಮಿತಿ ಲೀಟರಿಗೆ 0.01 ಮಿಲಿಗ್ರಾಂ, ಫ್ಲೋರೈಡ್‌ಗೆ 1 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 1.5. ಇದನ್ನು ಪರೀಕ್ಷೆ ಮಾಡಿಯೇ ತಿಳಿಯಬೇಕು. ನಿಮ್ಮ ಬೋರ್ ನೀರಿನ ಪರೀಕ್ಷೆ ಎಲ್ಲಿ, ಹೇಗೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಆರ್ಸೆನಿಕ್ ಪರೀಕ್ಷೆ ಬೇಕೆಂದು ಬಿಡಿಸಿ ಹೇಳಿ, ಏಕೆಂದರೆ ಮಾಮೂಲಿ ಕಿಟ್‌ನಲ್ಲಿ ಅದು ಇರದೆ ಪ್ರಯೋಗಾಲಯಕ್ಕೇ ಕಳಿಸಬೇಕಾಗಬಹುದು.