ನೀರು ನಿಲ್ಲದ ಬೆಂಚು

ಆಷಾಢದಲ್ಲಿ ಒಂದು ಮಳೆ ಬಿಟ್ಟು ಇನ್ನೊಂದು ಹಿಡಿಯುವ ಮೊದಲು ಅಂಗಳದ ಬೆಂಚನ್ನು ಬಗ್ಗಿ ನೋಡಬೇಕು. ಕೂರುವ ಪಟ್ಟಿಗಳ ಮೇಲಿನ ನೀರು ಸಂದುಗಳಲ್ಲಿ ಇಳಿದುಹೋಗಿ ಮರ ಬೇಗ ಬಿಳಿಚಿಕೊಳ್ಳುತ್ತದೆ. ಕೈಯಾಸರೆ ಕಾಲಿಗೆ ಸೇರುವಲ್ಲಿ, ಮೊಳೆಯ ತಲೆ ಹೂತ ಗುಳಿಯಲ್ಲಿ, ಪಟ್ಟಿಯ ಕೊಯ್ದ ತುದಿಯಲ್ಲಿ ಮಾತ್ರ ಕಪ್ಪು ತೇವ ಸಂಜೆಯಾದರೂ ಹೋಗುವುದಿಲ್ಲ. ಬೆಂಚು ಹಾಳಾಗಲು ತೊಡಗುವುದು ಅಲ್ಲಿಂದ. ಆಗುಂಬೆಯಂಥ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅಷ್ಟು ಮಳೆಯಲ್ಲೂ ಬಾಳುವ ಮರದ ಬೆಂಚುಗಳಿವೆ, ಅದರ ಕಾಲುಭಾಗ ಮಳೆಯ ಊರಲ್ಲಿ ಲಡ್ಡಾಗಿ ಬಿದ್ದವೂ ಇವೆ. ಬೀಳುವ ನೀರಿಗಿಂತ ನಿಲ್ಲುವ ನೀರಿನದೇ ಭಯ.

ಮರ ತಿನ್ನುವ ಶಿಲೀಂಧ್ರಕ್ಕೆ ತೇವ ಬೇಕೇಬೇಕು. ಒಳಗಿನ ನೀರು ಮರದ ಒಣತೂಕದ ಶೇಕಡ 20ಕ್ಕಿಂತ ಕೆಳಗಿದ್ದರೆ ಅದಕ್ಕೆ ಬೆಳೆಯಲು ಆಗುವುದಿಲ್ಲ. ಮರ ಬದುಕಿದ್ದಾಗ ಬೇರಿನಿಂದ ನೀರೇರಿಸುತ್ತಿದ್ದ ಸಣ್ಣ ಕೊಳವೆಗಳು ಕೊಯ್ದ ತುದಿಯಲ್ಲಿ ಬಾಯಿ ತೆರೆದುಕೊಂಡೇ ಇರುತ್ತವೆ. ಹಾಗಾಗಿ ಹಲಗೆಯ ಮೈಗಿಂತ ತುದಿ ಎಷ್ಟೋ ಬೇಗ ನೀರು ಹೀರುತ್ತದೆ. ಬೆಂಚಿನ ನಾಲ್ಕು ಕಾಲುಗಳ ತಳವೂ ಅಂಥ ತುದಿಯೇ. ಕೊಳ್ಳಲು ಹೋದಾಗ ಮೊದಲು ಬೆಂಚನ್ನು ಮಗುಚಿ ಹಾಕಿ ನೋಡಬೇಕು ಎನ್ನುವುದು ಇದಕ್ಕೆ. ಮೇಲಿನ ಹೊಳಪು ಮರೆಮಾಡುವುದನ್ನೆಲ್ಲ ತಳ ಹೇಳಿಬಿಡುತ್ತದೆ.

‘ಸಾಗುವಾನಿ’ ಎಂದ ಮಾತ್ರಕ್ಕೆ ಒಪ್ಪಬಾರದು. ಸಾಗುವಾನಿಯ ಬಾಳಿಕೆ ಇರುವುದು ಚೇಗಿನಲ್ಲಿ. ಹೊಂಬಣ್ಣದ ಚೇಗಿನಲ್ಲಿ ಗೆದ್ದಲಿಗೂ ಶಿಲೀಂಧ್ರಕ್ಕೂ ಒಗ್ಗದ ದ್ರವ್ಯಗಳು ತುಂಬಿರುತ್ತವೆ. ಅದರ ಹೊರಗಿನ ಬಿಳಿ ಪದರಕ್ಕೆ ಆ ಕಾವಲಿಲ್ಲ. ಎಳೆಯ ನೆಡುತೋಪಿನ ಮರ ಕೊಯ್ದರೆ ಒಂದೇ ಹಲಗೆಯಲ್ಲಿ ಎರಡೂ ಬರುತ್ತವೆ. ಬಣ್ಣ ಬಳಿದ ಮೇಲೆ ಗೊತ್ತಾಗುವುದಿಲ್ಲ, ತಳದಲ್ಲಿ ನೋಡಿದರೆ ಬಿಳಿ ಅಂಚು ಕಾಣುತ್ತದೆ. ನಮ್ಮ ಕಡೆ ಹಲಸು, ಹೊನ್ನೆ, ಮತ್ತಿ ಮರಗಳೂ ಹೊರಗೆ ಬಾಳುತ್ತವೆ, ಚೇಗು ಬಲಿತಿರಬೇಕಷ್ಟೆ. ಕರಾವಳಿಯಲ್ಲಿ ದೋಣಿಗೆ ಬಳಸುತ್ತಿದ್ದ ಕಿರಾಲುಬೋಗಿ ಇನ್ನೂ ಗಟ್ಟಿ, ಆದರೆ ಅದು ಘಟ್ಟದ ಕಾಡಿನಲ್ಲೇ ಇರಲಿ ಎಂದು ನನ್ನ ಆಸೆ. ಬಿಚ್ಚಿದ ಹಳೆಮನೆಯ ತೊಲೆಯೋ ಬಾಗಿಲವಾಡವೋ ಸಿಕ್ಕರೆ ಹೊಸ ಮರದ ಯೋಚನೆಯೇ ಬೇಡ. ಕಾಫಿ ತೋಟದ ಸಿಲ್ವರ್ ಓಕ್ ಅಗ್ಗಕ್ಕೆ ಸಿಗುತ್ತದೆ, ನೋಡಲೂ ಚೆಂದ, ಸೂರಿನ ಕೆಳಗೆ ಮಾತ್ರ ಸರಿ.

ಎಣ್ಣೆಯನ್ನೂ ಹಾಕದೆ ಬಿಟ್ಟ ಸಾಗುವಾನಿ ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಹಾಳಾಯಿತೆಂದು ಗಾಬರಿಪಡುವವರೇ ಹೆಚ್ಚು. ಬಿಸಿಲಿನ ಅತಿನೇರಳೆ ಕಿರಣ ಮರದ ಮೇಲ್ಪದರದ ಲಿಗ್ನಿನ್ ಅನ್ನು ಒಡೆಯುತ್ತದೆ, ಮಳೆ ಅದನ್ನು ತೊಳೆಯುತ್ತದೆ, ಸೆಲ್ಯುಲೋಸಿನ ಎಳೆಗಳು ಬೂದಾಗಿ ಉಳಿಯುತ್ತವೆ. ಉಗುರಿನಲ್ಲಿ ಕೆರೆದರೆ ಅಡಿಯಲ್ಲಿ ಹೊಂಬಣ್ಣ ಹಾಗೇ ಇದೆ.

ಆ ಬೂದು ಎಳೆಗಳಿಗೆ ಗಿರಾಕಿಗಳಿದ್ದಾರೆ. ಮಳೆ ಬಿಟ್ಟ ಒಂದು ಬೆಳಿಗ್ಗೆ ಒರಗುಪಟ್ಟಿಯ ಮೇಲೆ ಕಣಜವೊಂದು ಬಂದು ಕೂತಿತು. ತಲೆ ತಗ್ಗಿಸಿ ದವಡೆಯನ್ನು ಮರಕ್ಕೆ ಒತ್ತಿ ಹಿಂದೆ ಹಿಂದೆ ಸರಿಯತೊಡಗಿತು. ಕಿವಿ ಹತ್ತಿರ ತಂದರೆ ಪರಪರ ಕೆರೆಯುವ ಸದ್ದು. ಅದು ಸರಿದ ದಾರಿಯಲ್ಲಿ ಕಡ್ಡಿ ಗೀರಿನಷ್ಟು ಸಣ್ಣ ತಿಳಿಬಣ್ಣದ ಗೆರೆ ಮೂಡಿತು. ಕೆರೆದ ನಾರನ್ನು ಎಂಜಲಲ್ಲಿ ನಾದಿ, ಉಂಡೆ ಮಾಡಿ, ಕತ್ತಿನ ಕೆಳಗೆ ಹಿಡಿದುಕೊಂಡು ಹಾರಿತು. ಸೂರಿನ ಅಡಿ ಒಂದು ತೊಟ್ಟಿನಿಂದ ಇಳಿಬಿಟ್ಟ ಕಾಗದದ ಗೂಡಿಗೆ ಅದೇ ಸಾಮಗ್ರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ದಶಕಗಳ ಕಾಲ ಇಂಥ ಕಣಜಗಳ ಸಂಸಾರವನ್ನು ಅಧ್ಯಯನ ಮಾಡಿದರು. ಅವರ ರೊಪಲಿಡಿಯಾ ಮಾರ್ಜಿನೇಟಾ ಜನವಸತಿಯ ಮಗ್ಗುಲಲ್ಲೇ ಗೂಡು ಕಟ್ಟುವ ಜೀವಿ. ವಾರ್ನಿಶ್ ಹೊಡೆದ ಕುರ್ಚಿಯಿಂದ ಕಣಜಕ್ಕೆ ಪ್ರಯೋಜನವಿಲ್ಲ. ನಮಗೂ ಅಷ್ಟೇನಿಲ್ಲ. ಬಿಸಿಲಿಗೆ ವಾರ್ನಿಶ್ ಬಿರಿಯುತ್ತದೆ, ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಒಳಗೇ ಕೂರುತ್ತದೆ.

ಗೆದ್ದಲಿನ ಲೆಕ್ಕವೇ ಬೇರೆ. ಅದು ಕತ್ತಲಲ್ಲಿ, ತೇವದಲ್ಲಿ, ತಾನೇ ಕಟ್ಟಿದ ಮಣ್ಣಿನ ಸುರಂಗದೊಳಗೆ ಓಡಾಡುವ ಪ್ರಾಣಿ. ಬೆಂಚಿನ ಕಾಲು ಮಣ್ಣಿನಲ್ಲಿ ಹೂತಿದ್ದರೆ ಅದು ಬಂದದ್ದೇ ತಿಳಿಯುವುದಿಲ್ಲ. ನಮ್ಮ ಆಚಾರಿ ಬೆಂಚು ಇಳಿಸಿದ ದಿನವೇ, “ಕಾಲು ಮಣ್ಣು ಮುಟ್ಟಬಾರದು ಮಾರಾಯ್ರೆ, ಅಡಿಗೆ ಕಲ್ಲು ಕೊಡಿ” ಎಂದಿದ್ದರು. ಕಲ್ಲು ಕೊಟ್ಟರೆ ಗೆದ್ದಲು ಬರುವುದಿಲ್ಲವೆಂದಲ್ಲ. ಬರಬೇಕಾದರೆ ಕಲ್ಲಿನ ಮೇಲೆ ಹಾದು ಬರಬೇಕು, ಅದರ ಮಣ್ಣಿನ ಗೆರೆ ಆಗ ನಮ್ಮ ಕಣ್ಣಿಗೆ ಬೀಳುತ್ತದೆ. ಕಾಲಿನ ತಳಕ್ಕೆ ಗೇರೆಣ್ಣೆ ಬಳಿಯುವ ಹಳೆಯ ರೂಢಿ ಒಳ್ಳೆಯದು. ಕೂರುವ ಜಾಗಕ್ಕೆ ಬಳಿಯಬಾರದು, ಚರ್ಮ ಸುಟ್ಟು ಬೊಕ್ಕೆ ಏಳುತ್ತದೆ.

ಕಬ್ಬಿಣ ಉಪ್ಪುಗಾಳಿಯ ಊರಿಗೆ ಹೇಳಿದ್ದಲ್ಲ. ಪ್ಲಾಸ್ಟಿಕ್ ಬಿಸಿಲಿಗೆ ಸೆಟೆದು ಸೀಳುತ್ತದೆ. ಬಿದಿರಿಗೆ ಕುಟ್ಟೆ. ಬಯಲುಸೀಮೆಯವರಿಗೆ ಚಪ್ಪಡಿಕಲ್ಲಿನ ಬೆಂಚಿಗೆ ಸಮನಾದದ್ದು ಇಲ್ಲ. ಐದಡಿ ಉದ್ದ, ಒಂದೂವರೆ ಅಡಿ ಅಗಲ, ನಾಲ್ಕಿಂಚು ದಪ್ಪದ ಗ್ರಾನೈಟ್ ಚಪ್ಪಡಿ ಹೆಚ್ಚುಕಡಿಮೆ 180 ಕಿಲೋ ತೂಗುತ್ತದೆ, ಒಮ್ಮೆ ಇಟ್ಟರೆ ಇಟ್ಟ ಹಾಗೆ. ಆದರೆ ಏಪ್ರಿಲ್ ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ರಾತ್ರಿಯವರೆಗೂ ಬಿಡುವುದಿಲ್ಲ, ಮಾಗಿಯ ಬೆಳಿಗ್ಗೆ ಕೂತರೆ ಮೈ ಜುಮ್ಮೆನ್ನುತ್ತದೆ. ಅದಕ್ಕೆ ಮರದ ನೆರಳು ಬೇಕು. ನೆರಳಿದ್ದಲ್ಲಿ ಕಲ್ಲುಹೂವು ಮೆಲ್ಲಗೆ ವೃತ್ತವೃತ್ತವಾಗಿ ಹಬ್ಬುತ್ತದೆ. ಅದನ್ನು ಉಜ್ಜಿ ತೆಗೆಯುವವರನ್ನು ಕಂಡರೆ ನನಗೆ ಸಂಕಟ. ಮಿಲಿಮೀಟರ್ ಲೆಕ್ಕದಲ್ಲಿ ಬೆಳೆಯುವ ಜೀವ ಅದು, ಕೂರುವವರಿಗೆ ಕೇಡು ಮಾಡದು.

ಗಸಗಸೆ ಹಣ್ಣಿನ ಮರದ ನೇರ ಅಡಿಯಲ್ಲಿ ಮಾತ್ರ ಬೆಂಚು ಬೇಡ. ಅದು ಬದನಿಕೆ ಹಕ್ಕಿ, ಪಿಕಳಾರಗಳು ಉಣ್ಣುವ ಜಾಗ. ಹತ್ತು ಹೆಜ್ಜೆ ಆಚೆ, ಬೆಳಗಿನ ಬಿಸಿಲು ಬೆನ್ನಿಗೆ ಬೀಳುವಂತೆ ಇಟ್ಟರೆ ಹಕ್ಕಿಯ ಬಣ್ಣ ಸರಿಯಾಗಿ ಕಾಣುತ್ತದೆ. ಕೂರುವ ಎತ್ತರ ನೆಲದಿಂದ 16ರಿಂದ 18 ಇಂಚು ಇರಲಿ, ಪಾದ ನೆಲದ ಮೇಲೆ ಪೂರ್ತಿ ಊರಬೇಕು. ಒರಗು ನೆಟ್ಟಗಿರದೆ ತುಸು ಹಿಂದಕ್ಕೆ ಬಾಗಿರಲಿ. ಇದನ್ನು ಸುಖದ ಮಾತೆಂದು ತಳ್ಳಿಹಾಕಬೇಡಿ. ಸೊಂಟ ಹಿಡಿದವರು ಮಿಸುಕಾಡುತ್ತಾರೆ, ಮಿಸುಕಾಡಿದರೆ ಮಡಿವಾಳ ಹಕ್ಕಿ ಬೇಲಿಯಿಂದ ಇಳಿಯುವುದೇ ಇಲ್ಲ. ಕೈಯಾಸರೆ ಗಟ್ಟಿಯಿದ್ದರೆ ಮನೆಯ ಅಜ್ಜಿಯೂ ಯಾರನ್ನೂ ಕರೆಯದೆ ಎದ್ದುಬರಬಲ್ಲರು.

ಅಂಗಡಿಯಲ್ಲಿ ದುಡ್ಡು ಕೊಡುವ ಮೊದಲು ಒಂದು ಚೊಂಬು ನೀರು ಕೇಳಿ ಬೆಂಚಿನ ಮೇಲೆ ಸುರಿಯಿರಿ. ಪಟ್ಟಿಗಳ ನಡುವೆ ಕಿರುಬೆರಳ ಅರ್ಧದಷ್ಟು ಸಂದಿದ್ದರೆ ನೀರು ಸರಾಗವಾಗಿ ಇಳಿಯುತ್ತದೆ. ಕೈಯಾಸರೆಯ ಬುಡದಲ್ಲೋ ಒರಗಿನ ಮೂಲೆಯಲ್ಲೋ ಅದು ಮಡುಗಟ್ಟಿದರೆ, ಬೆಲೆ ಎಷ್ಟೇ ಇಳಿಸಿದರೂ ಆ ಬೆಂಚು ಬೇಡ.