ಹೊಲಕ್ಕೊಂದು ಹೆಸರು, ಹೆಸರಿಗೊಂದು ರುಚಿ

ಫ್ರಾನ್ಸಿನ ದಿಜೋನ್ ನಗರದಿಂದ ದಕ್ಷಿಣಕ್ಕೆ ಬೋನ್ ಪಟ್ಟಣದ ಕಡೆ ಹೊರಟರೆ ಬಲಗಡೆ ತಗ್ಗಾದ ಗುಡ್ಡಸಾಲೊಂದು ಜೊತೆಜೊತೆಗೇ ಬರುತ್ತದೆ. ನೆತ್ತಿಯ ಮೇಲೆ ಕಾಡು, ಇಳಿಜಾರಿನ ತುಂಬ ದ್ರಾಕ್ಷಿ. ಸುಮಾರು ಇಪ್ಪತ್ತು ಕಿಲೋಮೀಟರ್ ಸಾಗಿದ ಮೇಲೆ, ಇಳಿಜಾರಿಗೆ ಒರಗಿಕೊಂಡಂತೆ ಸಿಗುವ ಊರು ವೋನ್-ರೊಮಾನೆ. ಜನಸಂಖ್ಯೆ ಕೆಲವೇ ನೂರು. ಒಂದು ಚರ್ಚು, ಪುರಸಭೆಯ ಪುಟ್ಟ ಕಚೇರಿ, ಕಲ್ಲಿನ ಮನೆಗಳು, ಮನೆಗಳ ಕೆಳಗೆ ತಂಪಾದ ನೆಲಮಾಳಿಗೆಗಳು. ದೊಡ್ಡ ಅಂಗಡಿಬೀದಿಯಾಗಲಿ, ಪ್ರವಾಸಿಗರ ಗದ್ದಲವಾಗಲಿ ಇಲ್ಲ. ಆದರೆ ಕೆಂಪು ವೈನ್ ಬಲ್ಲವರು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ಈ ಊರಿನ ಹೆಸರು ಕೇಳಿದರೆ ಕಿವಿ ನಿಮಿರಿಸುತ್ತಾರೆ.

ಊರಿನಿಂದ ಗುಡ್ಡದ ಕಡೆ ಐದಾರು ನಿಮಿಷ ನಡೆದರೆ ಸೊಂಟದೆತ್ತರವೂ ಇಲ್ಲದ ಕಲ್ಲಿನ ಗೋಡೆ, ಅದರ ಪಕ್ಕ ಒಂದು ಕಲ್ಲಿನ ಶಿಲುಬೆ. ಗೋಡೆಯಾಚೆ ಇರುವ ಹೊಲವೇ ರೊಮಾನೆ-ಕೊಂತಿ. ವಿಸ್ತೀರ್ಣ 1.81 ಹೆಕ್ಟೇರ್, ಅಂದರೆ ನಮ್ಮ ಲೆಕ್ಕದಲ್ಲಿ ನಾಲ್ಕೂವರೆ ಎಕರೆ. ವರ್ಷಕ್ಕೆ ಇಲ್ಲಿಂದ ಹೊರಬರುವುದು ಐದಾರು ಸಾವಿರ ಬಾಟಲಿ ವೈನ್ ಮಾತ್ರ. ಇದರ ಮೇಲ್ಬದಿಗೆ ಅಂಟಿಕೊಂಡಿರುವ ಲಾ ರೊಮಾನೆ ಇನ್ನೂ ಚಿಕ್ಕದು. ಅದು 0.85 ಹೆಕ್ಟೇರ್, ಎರಡು ಎಕರೆಯ ಮೇಲೆ ಚೂರು. ಉತ್ತರಕ್ಕೆ ರಿಶ್‌ಬೂರ್, ಕೆಳಗೆ ರೊಮಾನೆ-ಸೇನ್-ವಿವಾಂ, ದಕ್ಷಿಣಕ್ಕೆ ಪಟ್ಟಿಯಂತೆ ಉದ್ದಕ್ಕೆ ಚಾಚಿದ ಲಾ ಗ್ರಾಂದ್ ರೂ, ಅದರಾಚೆ ಲಾ ತಾಶ್. ಈ ಆರೂ ಹೊಲಗಳು ‘ಗ್ರಾಂ ಕ್ರೂ’, ಅಂದರೆ ಕಾನೂನು ಒಪ್ಪಿದ ಅತ್ಯುನ್ನತ ದರ್ಜೆಯವು. ಅವುಗಳ ಸುತ್ತ ‘ಪ್ರೀಮಿಯೇ ಕ್ರೂ’ ಎಂಬ ಎರಡನೆಯ ದರ್ಜೆಯ ಹೊಲಗಳು, ಹೆದ್ದಾರಿಯ ಹತ್ತಿರ ಊರಿನ ಹೆಸರಿನಲ್ಲೇ ಮಾರಾಟವಾಗುವ ವೈನಿನ ಹೊಲಗಳು.

ಎಲ್ಲ ಹೊಲದಲ್ಲೂ ಬೆಳೆಯುವುದು ಪಿನೋ ನ್ವಾರ್ ಎಂಬ ಒಂದೇ ಕಪ್ಪು ದ್ರಾಕ್ಷಿ ತಳಿ. ಬಿಸಿಲು ಒಂದೇ, ಮಳೆ ಒಂದೇ. ಹಾಗಿದ್ದೂ ಒಂದು ಬದು ದಾಟಿದರೆ ರುಚಿ ಬದಲು, ಬೆಲೆ ಹತ್ತುಪಟ್ಟು ಏರುಪೇರು. ಇದು ಶ್ರೀಮಂತರ ಮರುಳು ಎಂದು ತಳ್ಳಿಹಾಕುವುದು ಸುಲಭ. ಬೆಲೆಯ ಮಟ್ಟಿಗೆ ಆ ಮಾತಿನಲ್ಲಿ ನಿಜವೂ ಇದೆ. ಆದರೆ ರುಚಿಯ ವ್ಯತ್ಯಾಸಕ್ಕೆ ಕಾರಣ ಕಾಲಡಿಯಲ್ಲೇ ಇದೆ.

ಸುಮಾರು ಹದಿನಾರು-ಹದಿನೇಳು ಕೋಟಿ ವರ್ಷಗಳ ಹಿಂದೆ ಈ ಪ್ರದೇಶ ಆಳವಿಲ್ಲದ ಸಮುದ್ರವಾಗಿತ್ತು. ಆ ತಳದಲ್ಲಿ ಪದರಪದರವಾಗಿ ಕೂತ ಸುಣ್ಣಕಲ್ಲು, ಜೇಡಿ, ಪುಟ್ಟ ಸಿಂಪಿಗಳ ಪಳೆಯುಳಿಕೆ ಎಲ್ಲವೂ ಭೂಮಿ ಬಿರಿದು ಜರುಗಿದಾಗ ಅಡ್ಡಾದಿಡ್ಡಿಯಾಗಿ ಮೇಲೆ ಬಂದವು. ಹಾಗಾಗಿ ಇಳಿಜಾರಿನಲ್ಲಿ ಕೆಲವೇ ಹೆಜ್ಜೆಗೆ ಕಲ್ಲಿನ ಪದರ ಬೇರೆ, ಜೇಡಿಯ ಪ್ರಮಾಣ ಬೇರೆ, ನೀರು ಬಸಿಯುವ ರೀತಿ ಬೇರೆ. ತೀರಾ ಮೇಲಿನ ಹೊಲದಲ್ಲಿ ಮಣ್ಣು ತೆಳು, ಬಂಡೆ ಹತ್ತಿರ. ತೀರಾ ಕೆಳಗೆ ಮಣ್ಣು ದಪ್ಪ, ನೀರು ನಿಲ್ಲುತ್ತದೆ, ಹಣ್ಣು ಉಬ್ಬಿ ರಸ ನೀರಾಗುತ್ತದೆ. ಪೂರ್ವಕ್ಕೆ ಮುಖ ಮಾಡಿ ಬೆಳಗಿನ ಬಿಸಿಲಿಗೆ ಮೈಯೊಡ್ಡಿದ ನಡುಭಾಗವೇ ಉತ್ತಮ. ಹೆಸರಾಂತ ಹೊಲಗಳೆಲ್ಲ ಈ ನಡುಪಟ್ಟಿಯಲ್ಲಿವೆ. ಬೇರು ಸುಣ್ಣಕಲ್ಲಿನ ಬಿರುಕು ಹಿಡಿದು ಆಳಕ್ಕೆ ಇಳಿಯುತ್ತದೆ. ನೀರಾವರಿಗೆ ಕಾನೂನಿನ ಅನುಮತಿಯಿಲ್ಲ. ಕೊಳವೆಬಾವಿ, ಹನಿ ನೀರಾವರಿ ಯಾವುದೂ ಇಲ್ಲಿಲ್ಲ. ಆಕಾಶ ಕೊಟ್ಟಷ್ಟೇ ನೀರು.

ಭೂವಿಜ್ಞಾನಿಗಳು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ವ್ಯತ್ಯಾಸವನ್ನು ಕಂಡುಕೊಂಡವರು ಮಠದವರು. ಗುಡ್ಡದ ಹಿಂದೆ ವೆರ್ಜಿ ಎಂಬಲ್ಲಿ ಸೇನ್-ವಿವಾಂ ಮಠವಿತ್ತು. 1232ರಲ್ಲಿ, ಈ ಸೀಮೆಯಾದ ಬರ್ಗಂಡಿಯ ಡಚೆಸ್ ಆಲಿಕ್ಸ್ ದ ವೆರ್ಜಿ ಇಲ್ಲಿನ ಭೂಮಿಯನ್ನು ಆ ಮಠಕ್ಕೆ ದತ್ತಿ ಬಿಟ್ಟಳು. 1098ರಲ್ಲಿ ಹುಟ್ಟಿದ ಸೀತೋ ಮಠದ ಸನ್ಯಾಸಿಗಳು ಪಕ್ಕದ ವೂಜೋದಲ್ಲಿ ಐವತ್ತು ಹೆಕ್ಟೇರ್ ತೋಟಕ್ಕೆ ಗೋಡೆ ಕಟ್ಟಿದರು. ಮಠಕ್ಕೆ ಸಾವಿಲ್ಲ, ಪಾಲುಪಟ್ಟಿಯೂ ಇಲ್ಲ. ಒಬ್ಬ ಸನ್ಯಾಸಿ ಗಮನಿಸಿದ್ದನ್ನು ಅವನ ನಂತರದವನು ಮುಂದುವರಿಸುತ್ತಿದ್ದ. ಯಾವ ತುಂಡಿನ ಹಣ್ಣು ಮೊದಲು ಪಕ್ವವಾಗುತ್ತದೆ, ಯಾವುದರ ರಸ ಹೆಚ್ಚು ವರ್ಷ ತಾಳುತ್ತದೆ ಎಂದು ತಲೆಮಾರುಗಟ್ಟಲೆ ನೋಡಿ, ತುಂಡುಗಳನ್ನು ಬೇರ್ಪಡಿಸಿ ಹೆಸರಿಟ್ಟರು. 1395ರಲ್ಲಿ ಬರ್ಗಂಡಿಯ ಡ್ಯೂಕ್ ಫಿಲಿಪ್, ಹೆಚ್ಚು ಇಳುವರಿಯ ಗಮೇ ತಳಿಯನ್ನು ಕಿತ್ತುಹಾಕಬೇಕೆಂದು ಆಜ್ಞೆ ಹೊರಡಿಸಿದ. ಇಳುವರಿ ಬಿಟ್ಟು ಗುಣ ಹಿಡಿದ ಆ ತೀರ್ಮಾನದ ಫಲವನ್ನು ಬರ್ಗಂಡಿ ಇಂದಿಗೂ ಉಣ್ಣುತ್ತಿದೆ.

ಇಂಥ ಹೆಸರಿರುವ ಹೊಲದ ತುಂಡಿಗೆ ಬರ್ಗಂಡಿಯವರು ‘ಕ್ಲಿಮಾ’ ಎನ್ನುತ್ತಾರೆ. ಈ ಗುಡ್ಡಸಾಲಿನ 1,247 ಕ್ಲಿಮಾಗಳನ್ನು ಯುನೆಸ್ಕೊ 2015ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕೋಟೆಯಲ್ಲ, ದೇಗುಲವಲ್ಲ, ಉತ್ತು ಬೆಳೆಯುವ ಹೊಲದ ಬದುಗಳಿಗೆ ಸಂದ ಮನ್ನಣೆ ಅದು. ಇದಕ್ಕಾಗಿ ವರ್ಷಗಟ್ಟಲೆ ಓಡಾಡಿದವರು ರೊಮಾನೆ-ಕೊಂತಿ ಸಂಸ್ಥೆಯ ಓಬೆರ್ ದ ವಿಲೇನ್.

ರೊಮಾನೆ ಹೆಸರಿಗೆ ಕೊಂತಿ ಸೇರಿದ ಕಥೆ ಸ್ವಾರಸ್ಯದ್ದು. 1760ರಲ್ಲಿ ಫ್ರಾನ್ಸ್ ರಾಜಮನೆತನದ ಕೊಂತಿಯ ರಾಜಕುಮಾರ ಲೂಯಿ-ಫ್ರಾಂಸ್ವಾ ಈ ಹೊಲ ಕೊಂಡ. ರಾಜನ ಪ್ರೇಯಸಿ ಮದಾಂ ದ ಪಾಂಪದೂರ್ ಕೂಡ ಇದರ ಮೇಲೆ ಕಣ್ಣಿಟ್ಟಿದ್ದಳೆಂಬುದು ದಂತಕಥೆ. ಕೊಂಡವನು ಇಡೀ ಫಸಲನ್ನು ತನ್ನ ಊಟದ ಮೇಜಿಗೇ ಇಟ್ಟುಕೊಂಡ, ಮಾರಾಟ ನಿಂತುಹೋಯಿತು. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಸರ್ಕಾರ ಹೊಲವನ್ನು ವಶಪಡಿಸಿಕೊಂಡು 1794ರಲ್ಲಿ ಹರಾಜಿಗೆ ಇಟ್ಟಾಗ ಹಳೆಯ ಒಡೆಯನ ಹೆಸರೇ ಅದಕ್ಕೆ ಅಂಟಿಕೊಂಡಿತು. ವೋನ್ ಎಂದಷ್ಟೇ ಇದ್ದ ಊರು 1866ರಲ್ಲಿ ತನ್ನ ಹೆಸರಿಗೆ ರೊಮಾನೆ ಸೇರಿಸಿಕೊಂಡಿತು. ಹೊಲದಿಂದ ಊರಿಗೆ ಹೆಸರು ಬರುವುದು ಈ ಸೀಮೆಯ ಪದ್ಧತಿಯೇ ಆಗಿದೆ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಹೇನು ಫ್ರಾನ್ಸಿನ ದ್ರಾಕ್ಷಿಯನ್ನು ಬಹುಪಾಲು ನುಂಗಿತು. ಬಹುತೇಕ ಎಲ್ಲರೂ ಅಮೆರಿಕದ ಗಟ್ಟಿ ಬೇರಿಗೆ ಕಸಿ ಕಟ್ಟಿ ಹೊಸದಾಗಿ ನೆಟ್ಟರು. ರೊಮಾನೆ-ಕೊಂತಿಯವರು ಮಾತ್ರ ಹಳೆಯ ಬಳ್ಳಿ ಬಿಡಲೊಲ್ಲದೆ, ಮಣ್ಣಿಗೆ ಔಷಧಿ ಹಾಕುತ್ತ ದಶಕಗಳ ಕಾಲ ಉಳಿಸಿಕೊಂಡರು. ಎರಡನೆಯ ಮಹಾಯುದ್ಧದಲ್ಲಿ ಆ ಔಷಧಿಯೂ ಸಿಗದೆ, ಆಳುಗಳೂ ಸಿಗದೆ ಬಳ್ಳಿಗಳು ಸೊರಗಿದವು. 1945ರ ಫಸಲು ಬರೀ 600 ಬಾಟಲಿ. ಅದರ ನಂತರ ಬಳ್ಳಿ ಕಿತ್ತು, ಲಾ ತಾಶ್‌ನಲ್ಲಿ ಬೆಳೆಸಿಟ್ಟಿದ್ದ ಇದೇ ಹೊಲದ ವಂಶದ ಕಡ್ಡಿಗಳನ್ನು ಕಸಿ ಮಾಡಿ ನೆಟ್ಟರು. ಮತ್ತೆ ಬಾಟಲಿ ಹೊರಬಂದದ್ದು 1952ರ ಫಸಲಿನಿಂದ. ಆ 1945ರ ಬಾಟಲಿಯೊಂದು 2018ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 5,58,000 ಡಾಲರಿಗೆ ಹೋಯಿತು. ಆಗಿನ ದರದಲ್ಲಿ ಸುಮಾರು 4 ಕೋಟಿ ರೂಪಾಯಿ.

ನನಗೆ ಈ ಊರಿನ ನಿಜವಾದ ನಾಯಕನಾಗಿ ಕಾಣುವವರು ಆನ್ರಿ ಜೇಯೆ. ರಾಜಕುಮಾರನ ಹೊಲ ಅವರಿಗಿರಲಿಲ್ಲ. ರಿಶ್‌ಬೂರ್ ಹೊಲದ ಮೇಲುಗಡೆ ಕ್ರೋ ಪರಾಂತು ಎಂಬ ಒಂದು ಹೆಕ್ಟೇರಿನ ಕಲ್ಲುಗುಡ್ಡೆ ಪಾಳುಬಿದ್ದಿತ್ತು, ಯುದ್ಧದ ಹಸಿವಿನಲ್ಲಿ ಜನ ಅಲ್ಲಿ ಗೆಡ್ಡೆ ಬೆಳೆದಿದ್ದರು. 1950ರ ದಶಕದಲ್ಲಿ ಜೇಯೆ ಅದನ್ನು ತುಂಡುತುಂಡಾಗಿ ಹಸನು ಮಾಡತೊಡಗಿದರು. ಬಂಡೆ ಒಡೆಯಲು ಸಿಡಿಮದ್ದೇ ಬೇಕಾಯಿತು. ಕೊಳೆತ ಕಾಯಿ ತೊಟ್ಟಿಗೆ ಬೀಳಬಾರದು, ಇಳುವರಿ ಕಡಿಮೆ ಇರಬೇಕು, ನೆಲಮಾಳಿಗೆಯಲ್ಲಿ ಕೈಯಾಡಿಸುವುದು ಆದಷ್ಟು ಕಡಿಮೆಯಾಗಬೇಕು ಎಂಬುದು ಅವರ ಶಿಸ್ತು. 2006ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಆ ಪಾಳುಗುಡ್ಡೆಯ ವೈನ್ ಗ್ರಾಂ ಕ್ರೂಗಳನ್ನೂ ಬೆಲೆಯಲ್ಲಿ ಹಿಂದೆ ಹಾಕಿತ್ತು. ಮಣ್ಣು ಎಷ್ಟು ಮುಖ್ಯವೋ ದುಡಿಯುವವನೂ ಅಷ್ಟೇ ಮುಖ್ಯ ಎನ್ನುವುದಕ್ಕೆ ಆ ಒಂದು ಹೆಕ್ಟೇರ್ ಸಾಕ್ಷಿ.

ಆ ದುಡಿಮೆ ಹೇಗಿರುತ್ತದೆಂದು ಹೇಳಬೇಕು. ನಮ್ಮ ವಿಜಯಪುರದಂತೆ ಇಲ್ಲಿ ಚಪ್ಪರವಿಲ್ಲ. ಹೆಕ್ಟೇರಿಗೆ ಸುಮಾರು ಹತ್ತು ಸಾವಿರ ಗಿಡ, ಒಂದೊಂದು ಸಾಲಿನ ನಡುವೆ ಒಂದು ಮೀಟರ್. ಎಲ್ಲವೂ ಸೊಂಟದೆತ್ತರದ ತಂತಿಗೆ ಕಟ್ಟಿದವು. ನಮ್ಮಲ್ಲಿ ವರ್ಷಕ್ಕೆ ಎರಡು ಸಲ ಚಾಟ್ನಿ, ಅಲ್ಲಿ ಗಿಡ ಮಲಗುವ ಚಳಿಗಾಲದಲ್ಲಿ ಒಂದೇ ಸಲ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬಾಗಿ ಬಾಗಿ ಒಂದೊಂದೇ ಗಿಡದ ಕಡ್ಡಿ ಕತ್ತರಿಸಬೇಕು. ಕತ್ತರಿಸಿದ್ದನ್ನು ಕಬ್ಬಿಣದ ಕೈಗಾಡಿಯಲ್ಲಿ ಹಾಕಿ ಅಲ್ಲೇ ಸುಡುತ್ತಾರೆ. ಬೆಂಕಿಗೆ ಕೈ ಕಾಸಿಕೊಳ್ಳುವುದೂ ಆಗುತ್ತದೆ. ಟ್ರ್ಯಾಕ್ಟರ್ ಭಾರಕ್ಕೆ ಮಣ್ಣು ಗಟ್ಟಿಯಾಗುತ್ತದೆಂದು ಒಳ್ಳೆಯ ಹೊಲಗಳಲ್ಲಿ ಮತ್ತೆ ಕುದುರೆ ಕಟ್ಟಿ ಉಳುತ್ತಿದ್ದಾರೆ. ಜೋರು ಮಳೆಗೆ ಕೆಳಕ್ಕೆ ಕೊಚ್ಚಿಬಂದ ಮಣ್ಣನ್ನು ಹೊತ್ತು ಮತ್ತೆ ಮೇಲೆ ಹಾಕುವುದು ಹಳೆಯ ರೂಢಿ. ಏಪ್ರಿಲ್‌ನಲ್ಲಿ ಚಿಗುರೊಡೆದ ಮೇಲೆ ಹಿಮ ಬಿದ್ದರೆ ವರ್ಷದ ಅನ್ನ ಹೋಯಿತು. 2021ರಲ್ಲಿ ಹಾಗೇ ಆಯಿತು. ರಾತ್ರಿಯಿಡೀ ಸಾಲುಗಳ ನಡುವೆ ಮೇಣದ ಡಬ್ಬಿ ಉರಿಸಿದರೂ ಬಹಳಷ್ಟು ಚಿಗುರು ಕರಕಲಾಯಿತು.

ಕಟಾವು ಕೈಯಿಂದಲೇ. ಗೊಂಚಲು ಆರಿಸಿ, ಬಾಯಿ ತೆರೆದ ತೊಟ್ಟಿಗೆ ಹಾಕುತ್ತಾರೆ. ಕೆಲವರು ತೊಟ್ಟು ಬಿಡಿಸುತ್ತಾರೆ, ಕೆಲವರು ಇಡೀ ಗೊಂಚಲನ್ನೇ ಹಾಕುತ್ತಾರೆ. ಹುದುಗು ಏಳುತ್ತಿದ್ದಂತೆ ಸಿಪ್ಪೆ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ. ಅದನ್ನು ಮತ್ತೆ ಮತ್ತೆ ರಸದೊಳಕ್ಕೆ ಅದುಮಬೇಕು, ಬಣ್ಣ ಮತ್ತು ಒಗರು ಇಳಿಯುವುದು ಆಗಲೇ. ಎರಡು ಮೂರು ವಾರದ ನಂತರ ರಸವನ್ನು 228 ಲೀಟರಿನ ಓಕ್ ಪೀಪಾಯಿಗೆ ಇಳಿಸಿ ಒಂದೂವರೆ ವರ್ಷದಷ್ಟು ಕಾಲ ಬಿಡುತ್ತಾರೆ. ಪಿನೋ ನ್ವಾರ್ ತೆಳು ಸಿಪ್ಪೆಯ ಹಣ್ಣಾದ್ದರಿಂದ ವೈನ್ ದಟ್ಟ ಕೆಂಪಲ್ಲ, ಮಾಣಿಕ್ಯದಂತೆ ಬೆಳಕು ಹಾಯಗೊಡುತ್ತದೆ. ಎಳೆಯದಾಗಿದ್ದಾಗ ಚೆರ್ರಿ, ರಾಸ್ಪ್‌ಬೆರಿ, ಗುಲಾಬಿಯ ಪರಿಮಳ, ಜೊತೆಗೆ ಈ ಊರಿನ ಗುರುತಾದ ಮಸಾಲೆಯ ಎಳೆ. ವರ್ಷ ಕಳೆದಂತೆ ಮಳೆ ನೆನೆದ ಕಾಡಿನ ತರಗೆಲೆ, ಅಣಬೆಯ ವಾಸನೆ ಬರುತ್ತದೆ.

ಹೆಸರಿಗೂ ನೆಲಕ್ಕೂ ಇರುವ ಈ ನಂಟನ್ನು ಫ್ರಾನ್ಸ್ 1935ರಲ್ಲಿ ಕಾನೂನಾಗಿ ಮಾಡಿತು. ಯಾವ ಬದುವಿನೊಳಗೆ, ಯಾವ ತಳಿ, ಎಷ್ಟು ಇಳುವರಿ ಎಂಬುದೆಲ್ಲ ಬರಹದಲ್ಲಿದೆ. ಅದೇ ಚಿಂತನೆ ಬೆಳೆದು ವಿಶ್ವ ವಾಣಿಜ್ಯ ಒಪ್ಪಂದಕ್ಕೆ ಸೇರಿತು, ಅಲ್ಲಿಂದ ನಮ್ಮ 1999ರ ಭೌಗೋಳಿಕ ಸೂಚಕ ಕಾಯ್ದೆಯಾಗಿ ಬಂತು. ನಂಜನಗೂಡು ರಸಬಾಳೆ, ಮೈಸೂರು ಮಲ್ಲಿಗೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಇರುವ ರಕ್ಷಣೆ ಆ ಕಾಯ್ದೆಯದ್ದು. ಆದರೆ ನಮ್ಮಲ್ಲಿ ನೋಂದಣಿಯ ಪತ್ರ ಸಿಕ್ಕಿದರೆ ಕೆಲಸ ಮುಗಿಯಿತೆಂಬ ಭಾವನೆಯಿದೆ. ಯಾರ ಹೊಲದ ಮಣ್ಣಿನಲ್ಲಿ ಏನು ವಿಶೇಷ, ಏಕೆ ವಿಶೇಷ ಎಂದು ದಾಖಲಿಸುವ ತಾಳ್ಮೆಯನ್ನು ವೋನ್‌ನಿಂದ ಕಲಿಯಬೇಕು.

ಊರಿನ ಸಂಕಟವೂ ಸಣ್ಣದಲ್ಲ. ನೆಪೋಲಿಯನ್ ಕಾಲದ ಕಾಯ್ದೆಯಂತೆ ಮಕ್ಕಳಿಗೆಲ್ಲ ಸಮಪಾಲು. ಹಿಸ್ಸೆಯಾಗುತ್ತ ಆಗುತ್ತ ವೂಜೋದ ಒಂದೇ ಗೋಡೆಯೊಳಗೆ ಈಗ ಸುಮಾರು ಎಂಬತ್ತು ಒಡೆಯರಿದ್ದಾರೆ. ಭೂಮಿಯ ಬೆಲೆ ಆಕಾಶಕ್ಕೇರಿದ್ದರಿಂದ, ತಂದೆ ತೀರಿಕೊಂಡರೆ ಕಟ್ಟಬೇಕಾದ ವಾರಸಾ ತೆರಿಗೆಗೆ ವೈನ್ ಮಾರಿದ ದುಡ್ಡು ಸಾಲದು. ಇಲ್ಲಿನ ಹಳೆಯ ಎಂಜೆಲ್ ಕುಟುಂಬದ ತೋಟ 2006ರಲ್ಲಿ ಗುಚ್ಚಿಯಂಥ ಬ್ರಾಂಡುಗಳ ಒಡೆಯರಾದ ಉದ್ಯಮಿ ಕುಟುಂಬದ ಪಾಲಾಯಿತು. ಬೆಲೆ ಕಂಡು ಬಂದ ಕಳ್ಳರೂ ಇದ್ದಾರೆ. 2010ರಲ್ಲಿ ರೊಮಾನೆ-ಕೊಂತಿಯ ಬಳ್ಳಿಗೆ ವಿಷವಿಟ್ಟು ಹತ್ತು ಲಕ್ಷ ಯೂರೊ ಕೊಡದಿದ್ದರೆ ಹೊಲವನ್ನೇ ಕೊಲ್ಲುವೆನೆಂದು ಬೆದರಿಸಿದವನನ್ನು ಪೊಲೀಸರು ಹಿಡಿದರು. ಹವಾಮಾನದ ಪೆಟ್ಟು ಇದೆಲ್ಲಕ್ಕಿಂತ ದೊಡ್ಡದು. ಬೋನ್ ಪಟ್ಟಣದಲ್ಲಿ 1354ರಿಂದ ಕಟಾವಿನ ದಿನಗಳ ಲೆಕ್ಕವಿದೆ. ಅದರ ಪ್ರಕಾರ 1988ರಿಂದೀಚೆಗೆ ಸುಗ್ಗಿ ಸರಾಸರಿ ಹದಿಮೂರು ದಿನ ಮುಂಚೆಯೇ ಬರುತ್ತಿದೆ.

ಹೋಗುವ ಮನಸ್ಸಿದ್ದವರಿಗೆ ಒಂದು ಮಾತು. ಪ್ಯಾರಿಸ್ಸಿನಿಂದ ದಿಜೋನ್‌ಗೆ ವೇಗದ ರೈಲಿನಲ್ಲಿ ಒಂದೂವರೆ ಗಂಟೆ, ಅಲ್ಲಿಂದ ಸ್ಥಳೀಯ ರೈಲಿನಲ್ಲಿ ನ್ವೀ-ಸೇನ್-ಜಾರ್ಜ್, ಮುಂದೆ ಕಾಲ್ನಡಿಗೆ. ದಾರಿಗಳು ಎಲ್ಲರಿಗೂ ತೆರೆದಿವೆ, ಹೊಲಗಳಲ್ಲ. ಗೋಡೆ ದಾಟಬೇಡಿ, ಹಣ್ಣು ಕೀಳಬೇಡಿ, ಮಣ್ಣು ಹಿಡಿ ತುಂಬಿಕೊಂಡು ಬರಬೇಡಿ. ಮನೆಗಳ ಬಾಗಿಲು ತಟ್ಟಿದರೆ ವೈನ್ ಸಿಗುವುದು ಅಪರೂಪ, ನ್ವೀ ಅಥವಾ ಬೋನ್ ಪಟ್ಟಣದ ಅಂಗಡಿಗಳಲ್ಲಿ ಕೇಳಿ. ದೊಡ್ಡ ಹೆಸರುಗಳ ಬೆನ್ನು ಹತ್ತದೆ ಬರೀ ‘ವೋನ್-ರೊಮಾನೆ’ ಎಂದು ಬರೆದಿರುವ ಬಾಟಲಿಯನ್ನು ಕೊಳ್ಳಿ. ಅದೂ ಅಗ್ಗವಲ್ಲ, ಆದರೆ ಈ ಊರಿನ ಗುಣ ತಿಳಿಯಲು ಅಷ್ಟು ಸಾಕು.