ಮತ್ತೆ ಆ ಹತ್ತು ಅಂತಸ್ತಿನ ಪಾತಾಳಕ್ಕೆ

ಮೊದಲು ಆರು ಹೆಸರುಗಳು ಬೇಕು. ಊರ ಅಂಚಿನ ತರಬೇತಿ ಮೈದಾನದಲ್ಲಿ ಒಬ್ಬೊಬ್ಬರನ್ನೇ ಹುಟ್ಟಿಸಿ, ಕುಲ ಯಾವುದು, ಶೀಲ ಯಾವುದು, ವೃತ್ತಿ ಯಾವುದು ಎಂದು ಆಯ್ದು, ಯಂತ್ರ ಕರುಣಿಸಿದ ಅಷ್ಟಿಷ್ಟು ಅಂಕಗಳನ್ನು ಬಲ, ಬುದ್ಧಿ, ಭಕ್ತಿ, ಜೀವಶಕ್ತಿ, ಚುರುಕು, ಅದೃಷ್ಟಗಳಿಗೆ ಹಂಚಬೇಕು. ಹೊಸಬರು ಸಾಮಾನ್ಯವಾಗಿ ತಮ್ಮ ಗೆಳೆಯರ, ಅಣ್ಣತಮ್ಮಂದಿರ ಹೆಸರುಗಳನ್ನೇ ಇಟ್ಟುಬಿಡುತ್ತಾರೆ. ಅದು ತಪ್ಪೆಂದು ಅರ್ಧ ಗಂಟೆಯೊಳಗೆ ತಿಳಿಯುತ್ತದೆ. ಮೆಟ್ಟಿಲಿಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಕತ್ತಲೊಳಗಿಂದ ನಾಲ್ಕು ಕ್ಷುದ್ರ ಜೀವಿಗಳು ಮೇಲೆ ಬೀಳುತ್ತವೆ; ಮಾಂತ್ರಿಕ ಒಂದೇ ಪೆಟ್ಟಿಗೆ ಉರುಳುತ್ತಾನೆ. ಗೆಳೆಯನ ಹೆಸರಿನ ಮುಂದೆ ‘ಮೃತ’ ಎಂದು ಮೂಡುತ್ತದೆ.

ಈ ಆಟದ ಹೆಸರು ‘ವಿಜಾರ್ಡ್ರಿ: ಪ್ರೂವಿಂಗ್ ಗ್ರೌಂಡ್ಸ್ ಆಫ್ ದ ಮ್ಯಾಡ್ ಓವರ್‌ಲಾರ್ಡ್’. 1981ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸರ್-ಟೆಕ್ ಸಂಸ್ಥೆ ಇದನ್ನು ಆ್ಯಪಲ್ 2 ಗಣಕಕ್ಕಾಗಿ ಹೊರತಂದಿತು. ಬರೆದವರು ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಇಬ್ಬರು ತರುಣರು, ಆ್ಯಂಡ್ರೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್. ನಲವತ್ತೆರಡು ವರ್ಷಗಳ ತರುವಾಯ, 2024ರ ಮೇ ತಿಂಗಳಲ್ಲಿ, ಹಳೆಯ ಆಟಗಳ ಜೀರ್ಣೋದ್ಧಾರಕ್ಕೆ ಹೆಸರಾದ ಡಿಜಿಟಲ್ ಎಕ್ಲಿಪ್ಸ್ ಸಂಸ್ಥೆ ಅದನ್ನು ಹೊಸ ಚಿತ್ರ, ಹೊಸ ಸಂಗೀತಗಳೊಡನೆ ಪೂರ್ಣರೂಪದಲ್ಲಿ ಮತ್ತೆ ಹೊರತಂದಿದೆ. ಹಾಗಾಗಿ ಒಮ್ಮೆ ಆ ಪಾತಾಳಕ್ಕಿಳಿದವರು ನರೆತ ತಲೆಯೊಡನೆ ಮತ್ತೆ ಇಳಿಯುತ್ತಿದ್ದಾರೆ. ಆಗಿನ್ನೂ ಹುಟ್ಟದಿದ್ದವರು ಮೊದಲ ಸಲ ಇಳಿದು, ಇದೆಂಥ ನಿರ್ದಯ ಆಟವೆಂದು ಬೆರಗಾಗುತ್ತಿದ್ದಾರೆ.

ಕಥೆಯೆಂಬುದು ಇಲ್ಲಿ ಎರಡೇ ವಾಕ್ಯದ್ದು. ಟ್ರೆಬೋರ್ ಎಂಬ ಹುಚ್ಚು ದೊರೆಯ ತಾಯಿತವನ್ನು ವೆರ್ಡ್ನಾ ಎಂಬ ಮಾಂತ್ರಿಕ ಕದ್ದು, ಊರಿನ ಕೆಳಗೆ ಹತ್ತು ಅಂತಸ್ತಿನ ಪಾತಾಳ ಕೊರೆದು, ತಳದಲ್ಲಿ ಅಡಗಿ ಕುಳಿತಿದ್ದಾನೆ. ಅದನ್ನು ತಂದುಕೊಟ್ಟವರಿಗೆ ದೊರೆಯ ಪಹರೆಯಲ್ಲಿ ಸ್ಥಾನ. ರಾಬರ್ಟ್ ಎಂಬುದನ್ನು ರೋಮನ್ ಲಿಪಿಯಲ್ಲಿ ಹಿಂದುಮುಂದಾಗಿ ಬರೆದರೆ ಟ್ರೆಬೋರ್, ಆ್ಯಂಡ್ರೂ ಎಂಬುದನ್ನು ತಿರುಗಿಸಿದರೆ ವೆರ್ಡ್ನಾ: ಇಬ್ಬರು ಗೆಳೆಯರ ಕುಚೋದ್ಯ. ಈ ಕುಚೋದ್ಯದ ಮಾತು ಮುಂದೆ ಮತ್ತೆ ಬರಲಿದೆ.

ಕಥೆ ಬಡವಾದರೂ ಆಟ ಬಡವಲ್ಲ. ಅದರ ಜೀವಾಳವಿರುವುದು ತಂಡದಲ್ಲಿ. ಆರು ಜನರಲ್ಲಿ ಮುಂದಿನ ಸಾಲಿನ ಮೂವರಷ್ಟೇ ಆಯುಧದಿಂದ ಹೊಡೆಯಬಲ್ಲರು. ಹಿಂದಿನ ಮೂವರು ಮಂತ್ರವನ್ನೋ ಉಪಾಯವನ್ನೋ ನೆಚ್ಚಬೇಕು. ಯೋಧನಿಗೆ ಮಂತ್ರ ಬಾರದು. ಮಾಂತ್ರಿಕನಿಗೆ ಕವಚ ಸಲ್ಲದು. ಪುರೋಹಿತನಿಲ್ಲದೆ ಗಾಯ ಮಾಯದು. ಕಳ್ಳನಿಲ್ಲದೆ ಪೆಟ್ಟಿಗೆ ತೆರೆದರೆ ಒಳಗಿನ ವಿಷದ ಮುಳ್ಳೋ ಸಿಡಿಮದ್ದೋ ಎಲ್ಲರಿಗೂ ಪಾಲು ಕೊಡುತ್ತದೆ. ಸಾತ್ವಿಕನೂ ದುಷ್ಟನೂ ಒಂದೇ ತಂಡದಲ್ಲಿ ಊರು ಬಿಡುವಂತಿಲ್ಲ. ಒಬ್ಬನೇ ವೀರ ಎಲ್ಲವನ್ನೂ ಗೆಲ್ಲುವ ಆಟಗಳು ಅಂದೂ ಇದ್ದವು, ಇಂದು ಇನ್ನೂ ಹೆಚ್ಚಿವೆ. ಇಲ್ಲಿ ಯಾರೊಬ್ಬರೂ ಸಾಲರು ಎಂಬುದೇ ಮೂಲ ನಿಯಮ.

ಗ್ರೀನ್‌ಬರ್ಗ್ ಮತ್ತು ವುಡ್‌ಹೆಡ್ ಇದನ್ನು ಶೂನ್ಯದಿಂದ ಸೃಷ್ಟಿಸಿದರೆಂದಲ್ಲ. ಕಾಗದ, ದಾಳಗಳ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಆಗಲೇ ಅಮೆರಿಕದ ವಿದ್ಯಾರ್ಥಿನಿಲಯಗಳಲ್ಲಿ ಹರಡಿತ್ತು. ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪ್ಲೇಟೋ ಎಂಬ ಬೃಹತ್ ಗಣಕಜಾಲದಲ್ಲಿ ವಿದ್ಯಾರ್ಥಿಗಳು ಪಾಠದ ನೆಪದಲ್ಲಿ ‘ಊಬ್ಲಿಯೆಟ್’ನಂಥ ಪಾತಾಳದ ಆಟಗಳನ್ನು ಕಟ್ಟಿಕೊಂಡಿದ್ದರು. ಇವರಿಬ್ಬರ ಸಾಧನೆಯೆಂದರೆ, ದೊಡ್ಡ ಯಂತ್ರದ ಆ ಅನುಭವವನ್ನು 48 ಕಿಲೋಬೈಟ್ ಸ್ಮೃತಿಯ ಮನೆಯ ಯಂತ್ರದೊಳಗೆ ತುರುಕಿದ್ದು. ಗ್ರೀನ್‌ಬರ್ಗ್ ಮೊದಲು ಬೇಸಿಕ್ ಭಾಷೆಯಲ್ಲಿ ಬರೆದಿದ್ದ ಆಟ ಬಸವನಹುಳುವಿನಂತೆ ತೆವಳುತ್ತಿತ್ತು. ಇಬ್ಬರೂ ಕೂಡಿ ಅದನ್ನು ಪಾಸ್ಕಲ್ ಭಾಷೆಯಲ್ಲಿ ಹೊಸದಾಗಿ ಬರೆದರು. ಪರದೆಯ ಮೇಲೆ ಕಾಣುತ್ತಿದ್ದುದು ಕಪ್ಪಿನ ಮೇಲೆ ಕೆಲವು ಬಿಳಿ ಗೆರೆಗಳು, ಅಷ್ಟೆ. ಆ ಗೆರೆಗಳನ್ನು ಗೋಡೆಯಾಗಿ, ಬಾಗಿಲಾಗಿ, ದೂರದಲ್ಲೆಲ್ಲೋ ಕವಲೊಡೆಯುವ ಓಣಿಯಾಗಿ ಕಾಣುವ ಹೊಣೆ ನೋಡುವವನದಾಗಿತ್ತು.

ನಕಾಶೆಯ ಹೊಣೆಯೂ ಅವನದೇ. ಒಂದೊಂದು ಅಂತಸ್ತೂ ಇಪ್ಪತ್ತು ಚೌಕ ಉದ್ದ, ಇಪ್ಪತ್ತು ಚೌಕ ಅಗಲ. ಗ್ರಾಫ್ ಹಾಳೆ, ಪೆನ್ಸಿಲು, ರಬ್ಬರು ಇಲ್ಲದೆ ಆಡಲು ಕುಳಿತವನು ಎರಡನೆಯ ಅಂತಸ್ತು ನೋಡುವುದು ಕಷ್ಟವಿತ್ತು. ಹಾಳೆಯಿದ್ದವನನ್ನು ದಾರಿ ತಪ್ಪಿಸಲೂ ಆಟ ಹೇಸುತ್ತಿರಲಿಲ್ಲ. ಕೆಲವು ಚೌಕಗಳು ಕಾಲಿಟ್ಟವನನ್ನು ಸದ್ದಿಲ್ಲದೆ ಬೇರೆ ದಿಕ್ಕಿಗೆ ತಿರುಗಿಸುತ್ತವೆ. ಕೆಲವು ಇನ್ನೆಲ್ಲಿಗೋ ಎತ್ತಿ ಒಗೆಯುತ್ತವೆ. ಕೆಲವೆಡೆ ದೀಪ ಹತ್ತದು. ಒಂದು ಅಂಚಿನಿಂದ ಹೊರನಡೆದರೆ ಎದುರಿನ ಅಂಚಿನಲ್ಲಿ ಕಾಲು ಬೀಳುತ್ತದೆ. ಉತ್ತರವೆಂದುಕೊಂಡು ಬರೆದ ಅರ್ಧ ಹಾಳೆ ಪೂರ್ವವೆಂದು ಗೊತ್ತಾಗುವಾಗ ರಾತ್ರಿ ಎರಡು ಗಂಟೆ. ಅಂಥ ಹೊತ್ತಿಗೆಂದೇ ‘ಡುಮಾಪಿಕ್’ ಎಂಬ ಮಂತ್ರವಿದೆ: ಎಲ್ಲಿದ್ದೀರಿ, ಯಾವ ದಿಕ್ಕಿಗೆ ಮುಖ ಮಾಡಿದ್ದೀರಿ ಎಂಬುದನ್ನಷ್ಟೇ ಅದು ಹೇಳುತ್ತದೆ.

ಮಂತ್ರಗಳ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು. ಮೂಲ ಆಟದಲ್ಲಿ ಅವುಗಳ ಹೆಸರನ್ನು ಅಕ್ಷರಶಃ ಕೀಲಿಮಣೆಯಲ್ಲಿ ಒತ್ತಬೇಕಿತ್ತು. ಒಂದಕ್ಷರ ತಪ್ಪಿದರೂ ಫಲವಿಲ್ಲ. ಈ ಕಲ್ಪಿತ ನುಡಿಗೆ ತನ್ನದೇ ಸಣ್ಣ ವ್ಯಾಕರಣವೂ ಉಂಟು. ‘ಹಲಿತೋ’ ಕಿಡಿಯಾದರೆ, ‘ಮಾ’ ಎಂಬ ಪೂರ್ವಪ್ರತ್ಯಯ ಸೇರಿದ ‘ಮಹಲಿತೋ’ ಜ್ವಾಲೆ. ‘ಡಿಯೋಸ್’ ಗಾಯ ಮಾಯಿಸುತ್ತದೆ. ವಿರುದ್ಧಾರ್ಥದ ‘ಬಾ’ ಹಚ್ಚಿ ‘ಬಾಡಿಯೋಸ್’ ಎಂದರೆ ಗಾಯ ಮಾಡುತ್ತದೆ. ವಾರಗಟ್ಟಲೆ ಆಡಿದವರಿಗೆ ಕೈಪಿಡಿ ನೋಡದೆಯೇ ಹೊಸ ಮಂತ್ರದ ಅರ್ಥ ಹೊಳೆಯತೊಡಗುತ್ತದೆ. ಇಷ್ಟು ಅಚ್ಚುಕಟ್ಟಾಗಿ ನುಡಿಗಟ್ಟಿದ ಆಟ ಆ ಕಾಲದಲ್ಲಿ ಅಪರೂಪ. ಹೊಸ ಆವೃತ್ತಿಯಲ್ಲಿ ಮಂತ್ರಗಳನ್ನು ಪಟ್ಟಿಯಿಂದ ಆಯ್ದರೆ ಸಾಕು. ಸುಲಭವಾಯಿತು, ನಿಜ; ಆದರೆ ಬೆರಳಿಗೆ ಬಾಯಿಪಾಠವಾಗುವ ಸುಖ ಅಲ್ಲಿ ಇಲ್ಲ.

ಇನ್ನು ಸಾವಿನ ವಿಷಯ. ಆಟದಲ್ಲಿ ಸೋತರೆ ಹಿಂದಿನ ಘಟ್ಟಕ್ಕೆ ಮರಳಿ ಮತ್ತೆ ಯತ್ನಿಸುವುದು ಇಂದಿನವರಿಗೆ ರೂಢಿಯಾಗಿದೆ. ವಿಜಾರ್ಡ್ರಿ ಆ ದಾರಿಯನ್ನು ಮುಚ್ಚಿತ್ತು. ಯಾರಾದರೂ ಸತ್ತರೆ ಯಂತ್ರ ಗರಗರನೆ ಸದ್ದು ಮಾಡುತ್ತ ಆ ಸಾವನ್ನು ಫ್ಲಾಪಿ ತಟ್ಟೆಯ ಮೇಲೆ ಬರೆದುಬಿಡುತ್ತಿತ್ತು. ಸದ್ದು ಕೇಳುವ ಮೊದಲೇ ತಟ್ಟೆಯನ್ನು ಕಿತ್ತುಕೊಳ್ಳಲು ಹಾರಿದವರೂ ಇದ್ದರು. ಸತ್ತವರನ್ನು ಹೊತ್ತು ಊರಿಗೆ ಮರಳಿದರೆ ‘ಕ್ಯಾಂಟ್’ ದೇವಾಲಯದ ಅರ್ಚಕರು ಕಾಣಿಕೆ ಪಡೆದು ಬದುಕಿಸಲು ಯತ್ನಿಸುತ್ತಾರೆ; ಯತ್ನವಷ್ಟೇ, ಭರವಸೆಯಲ್ಲ. ತಪ್ಪಿದರೆ ದೇಹ ಬೂದಿಯಾಗುತ್ತದೆ. ಬೂದಿಗೆ ಮತ್ತೆ ಕಾಣಿಕೆ, ಮತ್ತೊಂದು ಯತ್ನ. ಅದೂ ತಪ್ಪಿದರೆ ಹೆಸರು ಪಟ್ಟಿಯಿಂದಲೇ ಅಳಿಯುತ್ತದೆ. ಕಾಣಿಕೆ ಹಿಂದಿರುಗಿಸುವ ಪದ್ಧತಿ ಅಲ್ಲಿಲ್ಲ. ಸ್ಥಳದಿಂದ ಸ್ಥಳಕ್ಕೆ ಹಾರಿಸುವ ‘ಮಾಲೋರ್’ ಮಂತ್ರಕ್ಕೆ ಲೆಕ್ಕ ತಪ್ಪಿ ಕೊಟ್ಟರೆ ಇಡೀ ತಂಡ ಬಂಡೆಯೊಳಗೆ ಹೂತು ಶಾಶ್ವತವಾಗಿ ಇಲ್ಲವಾಗುತ್ತದೆ.

ಚಕ್ರವ್ಯೂಹವನ್ನು ಹೊಗಬಲ್ಲವನಾಗಿ, ಹೊರಬರುವುದನ್ನು ಕಲಿಯದೆ ಉಳಿದ ಅಭಿಮನ್ಯುವಿನ ಕಥೆ ಗೊತ್ತಿರುವವರಿಗೆ ಈ ಆಟದ ಭಯ ಏನೆಂದು ವಿವರಿಸಬೇಕಾಗಿಲ್ಲ. ಇನ್ನೊಂದು ಬಾಗಿಲು ತೆರೆಯಬೇಕೆ, ಇಲ್ಲಿಂದಲೇ ಮರಳಬೇಕೆ ಎಂಬ ಪ್ರಶ್ನೆ ಪ್ರತಿ ತಿರುವಿನಲ್ಲೂ ಎದುರಾಗುತ್ತದೆ. ಪುರೋಹಿತನಲ್ಲಿ ಉಳಿದಿರುವುದು ಒಂದು ಮಂತ್ರ. ಮೆಟ್ಟಿಲು ಹದಿನೆಂಟು ಚೌಕ ದೂರ. ಲೋಭಿಗಳು ಬಾಗಿಲು ತೆರೆಯುತ್ತಾರೆ. ಅನುಭವಸ್ಥರು ಮರಳುತ್ತಾರೆ, ಛತ್ರದಲ್ಲಿ ದುಬಾರಿ ಕೋಣೆ ಹಿಡಿಯದೆ ಪುಕ್ಕಟೆಯ ಕುದುರೆಲಾಯದಲ್ಲಿ ಮಲಗಿ ಮಂತ್ರಶಕ್ತಿ ತುಂಬಿಕೊಂಡು, ಮೊದಲ ಮೆಟ್ಟಿಲ ಬಳಿ ಬಿಡಾರ ಹೂಡಿ ಗಾಯಗಳಿಗೆ ಮದ್ದು ಮಾಡಿಕೊಳ್ಳುತ್ತಾರೆ. ಮಹಾವೀರರು ಹುಲ್ಲಿನ ಮೇಲೆ ಮಲಗಿ ಕಾಸು ಉಳಿಸುವ ಈ ದೃಶ್ಯವನ್ನು ರಚನೆಕಾರರು ಬಯಸಿದ್ದರೋ ಇಲ್ಲವೋ, ಆಡಿದವರೆಲ್ಲರೂ ಬಲ್ಲರು.

ಅಮೆರಿಕದಲ್ಲಿ ಈ ಆಟಕ್ಕೆ ಒಂದರ ಹಿಂದೊಂದು ಮುಂದುವರಿಕೆಗಳು ಬಂದವು. ಎರಡನೆಯದಕ್ಕೆ ಮೊದಲನೆಯದರ ವೀರರನ್ನೇ ಕರೆದೊಯ್ಯಬೇಕಿತ್ತು. 1987ರ ನಾಲ್ಕನೆಯದರಲ್ಲಿ ಆಡುವವನೇ ವೆರ್ಡ್ನಾ ಆಗಿ ತಳದಿಂದ ಮೇಲಕ್ಕೆ ಹತ್ತಬೇಕಿತ್ತು. 2001ರಲ್ಲಿ ಎಂಟನೆಯದು ಬರುವಷ್ಟರಲ್ಲಿ ಸರ್-ಟೆಕ್ ಸೊರಗಿಹೋಗಿತ್ತು. ಹುಟ್ಟಿದ ನಾಡಿನಲ್ಲಿ ಪರಂಪರೆ ಅಲ್ಲಿಗೆ ನಿಂತಿತು.

ಅಷ್ಟರಲ್ಲಿ ಅದು ಬೇರೆ ನಾಡಿನಲ್ಲಿ ಬೇರುಬಿಟ್ಟಿತ್ತು. 1983ರಲ್ಲಿ ಅಮೆರಿಕಕ್ಕೆ ಬಂದಿದ್ದ ಯೂಜಿ ಹೋರಿಯಿ ಎಂಬ ಜಪಾನಿ ತರುಣ ವಿಜಾರ್ಡ್ರಿಯನ್ನು ಕಂಡು ಮರುಳಾದ. ಅದನ್ನೂ ‘ಅಲ್ಟಿಮಾ’ ಎಂಬ ಇನ್ನೊಂದು ಆಟವನ್ನೂ ಅರಗಿಸಿಕೊಂಡು 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ ರಚಿಸಿದ. ಜಪಾನಿನ ಪಾತ್ರಾಭಿನಯದ ಆಟಗಳ ದೊಡ್ಡ ಹೊಳೆಗೆ ಇದೂ ಒಂದು ಮೂಲ. 1987ರಲ್ಲಿ ವಿಜಾರ್ಡ್ರಿಯೇ ಫ್ಯಾಮಿಕಾಮ್ ಯಂತ್ರಕ್ಕೆ ಬಂದಿತು. ಜುನ್ ಸುಯೆಮಿ ಬರೆದ ರಾಕ್ಷಸರ ಚಿತ್ರಗಳೂ ಕೆಂಟಾರೋ ಹಾನೆಡಾ ರಚಿಸಿದ ಸಂಗೀತವೂ ಆ ಬಿಳಿ ಗೆರೆಗಳಿಗೆ ಘನಗಾಂಭೀರ್ಯವನ್ನು ತಂದವು.

ಈ ಗಾಂಭೀರ್ಯದಲ್ಲೊಂದು ತಮಾಷೆಯಿದೆ. ಮೂಲ ಆಟದ ತುಂಬ ವಿದ್ಯಾರ್ಥಿಗಳ ಕುಚೇಷ್ಟೆ. ಅಲ್ಲಿನ ಅತ್ಯಂತ ಹರಿತವಾದ ಖಡ್ಗಗಳಲ್ಲೊಂದರ ಹೆಸರು ‘ಕ್ಯುಸಿನಾರ್ಟ್’, ಅಂದರೆ ಅಮೆರಿಕದ ಅಡುಗೆಮನೆಗಳಲ್ಲಿ ತರಕಾರಿ ಹೆಚ್ಚುವ ಯಂತ್ರದ ಹೆಸರು. ಕತ್ತು ಹಾರಿಸುವ ಮೊಲವೊಂದಿದೆ. ಅದು ಮಾಂಟಿ ಪೈಥಾನ್ ನಗೆಚಿತ್ರದ ನೆನಪು. ಜಪಾನಿನ ಓದುಗರಿಗೆ ಈ ನಗೆಯ ಮೂಲಗಳು ತಿಳಿದಿರಲಿಲ್ಲ. ಅವರು ಕ್ಯುಸಿನಾರ್ಟ್ ಎಂಬುದನ್ನು ಪುರಾಣಪ್ರಸಿದ್ಧ ಕಮ್ಮಾರನ ಹೆಸರೆಂದೇ ನಂಬಿದರು, ಖಡ್ಗಕ್ಕೆ ಗೌರವ ಸಲ್ಲಿಸಿದರು. ಕೊಲೆಗಾರ ಮೊಲ ಅವರ ಕಲ್ಪನಾಲೋಕದಲ್ಲಿ ನಿಜಕ್ಕೂ ನಡುಕ ಹುಟ್ಟಿಸುವ ಪ್ರಾಣಿಯಾಯಿತು. ತಪ್ಪು ಓದು ಎಂದು ನಕ್ಕುಬಿಡುವುದು ಸುಲಭ. ಆದರೆ ತವರಿನವರು ತಮಾಷೆಯೆಂದು ಎತ್ತಿಟ್ಟು ಮರೆತದ್ದನ್ನು ಈ ತಪ್ಪು ಓದೇ ಕಾಪಾಡಿತು. 1991ರಿಂದ ಜಪಾನಿನವರೇ ಹೊಸ ವಿಜಾರ್ಡ್ರಿಗಳನ್ನು ಬರೆಯತೊಡಗಿದರು. ಇಂದು ಆ ಹೆಸರಿನ ಹಕ್ಕು ಇರುವುದೂ ಜಪಾನಿನ ಸಂಸ್ಥೆಯೊಂದರಲ್ಲಿ. ರ್‍ಯೋಕೊ ಕುಯಿ ಅವರ ‘ಡೆಲಿಶಿಯಸ್ ಇನ್ ಡಂಜನ್’ ಚಿತ್ರಕಥೆಯಲ್ಲಿ ಆರಿಸಿದ ಸಂಗಾತಿಗಳು, ಅಂತಸ್ತುಗಳು, ಸತ್ತವರನ್ನು ಬದುಕಿಸುವ ಚಿಂತೆ ಎಲ್ಲವೂ ಇವೆ. ಗಡಿಯಾಚೆ ಉಳಿದವರು ತವರಿನವರಿಗಿಂತ ಹೆಚ್ಚು ಹಟದಿಂದ ಒಂದನ್ನು ಹಿಡಿದುಕೊಳ್ಳುವುದು ಈ ಪತ್ರಿಕೆಯ ಓದುಗರಿಗೆ ವಿಚಿತ್ರವಾಗಿ ಕಾಣಲಾರದು. ವುಡ್‌ಹೆಡ್ ಕೂಡ ಕೊನೆಗೆ ಅತ್ತಲೇ ಹೊರಳಿದರು: 1988ರಲ್ಲಿ ‘ಆ್ಯನಿಮೈಗೋ’ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾಗಿ ಜಪಾನಿನ ಚಲಿಸುವ ಚಿತ್ರಗಳನ್ನು ಇಂಗ್ಲಿಷಿಗೆ ತಂದರು.

2024ರ ಆವೃತ್ತಿಯ ಬಗೆಗಿನ ತೀರ್ಮಾನ ಇಷ್ಟು ಸರಳವಲ್ಲ. ಗೋಡೆಗಳಿಗೆ ಕಲ್ಲಿನ ಮೈ ಬಂದಿದೆ, ರಾಕ್ಷಸರು ಉಸಿರಾಡುತ್ತಾರೆ, ನಕಾಶೆಯನ್ನು ಯಂತ್ರವೇ ಬರೆದುಕೊಳ್ಳುತ್ತದೆ, ಹಳೆಯ ನಿಯಮಗಳಲ್ಲಿ ಕೆಲವನ್ನು ಬೇಕಾದಂತೆ ಬಿಗಿ ಮಾಡಲು, ಸಡಿಲಿಸಲು ಆಯ್ಕೆಗಳಿವೆ. ವಿನಿಫ್ರೆಡ್ ಫಿಲಿಪ್ಸ್ ರಚಿಸಿದ ಸಂಗೀತಕ್ಕೆ 2025ರ ಫೆಬ್ರವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯೂ ಬಂದಿತು. ಇವೆಲ್ಲ ಹೊರಮೈ. ಒಳಗೆ ಓಡುತ್ತಿರುವುದು 1981ರದೇ ಆಟ. ಬೇಕೆಂದವರು ಪರದೆಯ ಮೂಲೆಯಲ್ಲಿ ಸಣ್ಣ ಕಿಟಕಿಯೊಂದನ್ನು ತೆರೆದಿಟ್ಟುಕೊಳ್ಳಬಹುದು. ಅಲ್ಲಿ ಅದೇ ಕಪ್ಪು, ಅದೇ ಬಿಳಿ ಗೆರೆ, ಹೆಜ್ಜೆಗೆ ಹೆಜ್ಜೆ ಜೊತೆಯಾಗಿ ಸಾಗುತ್ತದೆ. ಗುಡಿಗೆ ಹೊಸ ಗೋಪುರ ಕಟ್ಟಿದವರು ಗರ್ಭಗುಡಿಯನ್ನು ಮುಟ್ಟಿಲ್ಲ. ಸ್ವಯಂ ನಕಾಶೆ ಮಾತ್ರ ಬೇರೆ ಬಗೆಯ ನಷ್ಟ. ಕೈಯಿಂದ ಬರೆದ ಹಾಳೆಯಲ್ಲಿ ಅಳಿಸಿದ ಗುರುತುಗಳು, ‘ಇಲ್ಲಿ ಎಚ್ಚರ’ ಎಂಬ ಟಿಪ್ಪಣಿಗಳು, ಚಹಾದ ಕಲೆ ಎಲ್ಲವೂ ಕೂಡಿ ಆ ಅಂತಸ್ತು ಬರೆದವನ ಸ್ವಂತದ್ದಾಗುತ್ತಿತ್ತು. ಮರಳಿ ಬರುವವರು, ಹೊಸದಾಗಿ ಬರುವವರು ಇಬ್ಬರೂ ಮೊದಲ ಅಂತಸ್ತನ್ನಾದರೂ ಗ್ರಾಫ್ ಹಾಳೆಯ ಮೇಲೆ ಬರೆದು ನೋಡುವುದು ಒಳ್ಳೆಯದು.

ಹೊಸ ಆವೃತ್ತಿ ಬಂದ ಮೂರು ತಿಂಗಳಲ್ಲಿ, ಅದೇ ವರ್ಷದ ಆಗಸ್ಟಿನಲ್ಲಿ, ಆ್ಯಂಡ್ರೂ ಗ್ರೀನ್‌ಬರ್ಗ್ ತೀರಿಕೊಂಡರು. ಆಟಗಳ ರಂಗವನ್ನು ಬಿಟ್ಟು ವಕೀಲರಾಗಿ ಬಹುಕಾಲ ಕಳೆದಿತ್ತು. ಅವರ ಹೆಸರು ತಿರುಗುಮುರುಗಾಗಿ ಹತ್ತನೆಯ ಅಂತಸ್ತಿನಲ್ಲಿ ಇನ್ನೂ ಕಾಯುತ್ತಿದೆ.

ಅಲ್ಲಿಗೆ ತಲುಪುವ ಮುನ್ನ ಬಹುತೇಕ ತಂಡಗಳು ಒಮ್ಮೆಯಾದರೂ ಪೂರ್ತಿ ನಾಶವಾಗುತ್ತವೆ. ಆಗಲೂ ಆಟ ಮುಗಿಯದು. ಆರು ಶವಗಳು ಬಿದ್ದಲ್ಲೇ ಬಿದ್ದಿರುತ್ತವೆ. ಊರಿನಲ್ಲಿ ಹೊಸಬರನ್ನು ಹುಟ್ಟಿಸಿ, ಪಳಗಿಸಿ, ಅವರನ್ನು ತರಲು ಕಳಿಸಬಹುದು. ಆದರೆ ತಂಡದಲ್ಲಿ ಶವಕ್ಕೂ ಒಂದು ಸ್ಥಾನ ಬೇಕು. ಆರು ಜನ ಹೋದರೆ ಯಾರನ್ನೂ ತರಲಾಗದು. ಆದ್ದರಿಂದ ಮೂವರೇ ಇಳಿಯುತ್ತಾರೆ, ಹಿಂದಿನ ಸಾಲನ್ನು ಖಾಲಿ ಬಿಟ್ಟು, ಬರೆದಿಟ್ಟ ಹಾಳೆಯನ್ನು ನೋಡುತ್ತ, ಗೋಡೆ ಸವರುತ್ತ. ಮೂವರನ್ನು ಹೊತ್ತು ಮೇಲೆ ಬಂದ ಮೇಲೆ, ಉಳಿದ ಮೂವರಿಗಾಗಿ ಇನ್ನೊಮ್ಮೆ ಇಳಿಯುತ್ತಾರೆ.